ಅಪ್ಪಯ್ಯನಿಗೆ ‘ಹಾಗಾದ್ರೆ...’ ಏಕೆ ಕೇಳಿಸುವುದಿಲ್ಲ?

ಕಳೆದ ತಿಂಗಳು ತಲೆಸುತ್ತಿನ ಬಗ್ಗೆ ಬರೆಯುವಾಗ ಅನುಮಸ್ತಿಷ್ಕದ (ತಲೆಯ ಹಿಂಭಾಗದಲ್ಲಿರುವ ಚಿಕ್ಕ ಮೆದುಳು, ಇಂಗ್ಲಿಷಿನಲ್ಲಿ ಸೆರೆಬೆಲ್ಲಮ್) ಹೆಸರನ್ನು ಒಂದೇ ಒಂದು ಸಲ ಎತ್ತಿದ್ದೆ. ಅಷ್ಟಕ್ಕೇ ಕಾಗದಗಳು ಬಂದಿವೆ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದು ಉದ್ದ. ಕತ್ತರಿಸಲು ಮನಸ್ಸು ಬರಲಿಲ್ಲ, ಹಾಗಾಗಿ ಉಳಿದವರಿಗೆ ಜಾಗ ಕಡಿಮೆಯಾಗಿದೆ.

ಪ್ರಶ್ನೆ: ಡಾಕ್ಟರೇ, ನಮ್ಮ ಅಪ್ಪಯ್ಯನಿಗೆ 63 ವರ್ಷ. ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಒಂದು ಬೆಳಿಗ್ಗೆ ತಲೆ ತಿರುಗಿ ವಾಂತಿ ಶುರುವಾಯಿತು. ಪಿತ್ತ ಎಂದು ಎರಡು ದಿನ ಮಾತ್ರೆ ಕೊಟ್ಟರು. ಮೂರನೇ ದಿನ ಎದ್ದು ನಿಲ್ಲಲೂ ಆಗಲಿಲ್ಲ. ಎಂಆರ್‌ಐ ಮಾಡಿಸಿದರೆ ಹಿಂದಿನ ಚಿಕ್ಕ ಮೆದುಳಿಗೆ ಸ್ಟ್ರೋಕ್. ಈಗ ಕೋಲಿಲ್ಲದೆ ತೋಟಕ್ಕೆ ಹೋಗಿ ಬರುತ್ತಾರೆ, ಹಳ್ಳದ ಸಂಕವನ್ನೂ ದಾಟುತ್ತಾರೆ. ತೊಂದರೆ ಅದಲ್ಲ. ಊರಲ್ಲಿ ಯಾರ ಮನೆಯಲ್ಲಿ ಪಾಲಾಗಬೇಕಾದರೂ ಅಪ್ಪಯ್ಯನನ್ನು ಕರೆಯುತ್ತಿದ್ದರು. ಯಾರು ಯಾವ ಮಾತಿಗೆ ಸಿಟ್ಟಾಗುತ್ತಾರೆ ಎಂದು ಮೊದಲೇ ತಿಳಿದು ಮಾತು ತಿರುಗಿಸುತ್ತಿದ್ದವರು ಅವರು. ಈಗ ಹಾಗಿಲ್ಲ. ತಂಗಿಯನ್ನು ನೋಡಲು ಬಂದವರು ‘ಹುಡುಗ ಇನ್ನೊಂದು ವರ್ಷ ಕಳೀಲಿ ಅಂತಾನೆ’ ಎಂದಾಗ ನಮಗೆಲ್ಲ ಅರ್ಥವಾಯಿತು, ಅಪ್ಪಯ್ಯ ಪಂಚಾಂಗ ತರಿಸಿದರು. ನೆಂಟರು ಮೂರು ಸಲ ‘ಹಾಗಾದ್ರೆ...’ ಎಂದರೂ ಇವರ ಮಾತು ನಿಲ್ಲುವುದಿಲ್ಲ. ಬೊಜ್ಜದ (ಉತ್ತರಕ್ರಿಯೆಯ) ಮನೆಯಲ್ಲಿ ತಮಾಷೆ ಕಥೆ ಶುರುಮಾಡಿದರು. ಬೇಕೆಂದೇ ಮಾಡುತ್ತಾರೆ ಎಂದು ಅಮ್ಮ ಮಾತು ಬಿಟ್ಟಿದ್ದಾಳೆ. ತೋರಿಸಿದ ಡಾಕ್ಟರು ‘ಆ ಭಾಗ ಬರೀ ಬ್ಯಾಲೆನ್ಸಿಗೆ. ಸ್ವಭಾವಕ್ಕೂ ಅದಕ್ಕೂ ಸಂಬಂಧವಿಲ್ಲ, ವಯಸ್ಸಾಯ್ತಲ್ಲ’ ಎಂದರು. ನಿಜವೇ?
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಅಮ್ಮನಿಗೆ ಇಷ್ಟು ಓದಿ ಹೇಳಿ: ಅವರು ಬೇಕೆಂದು ಮಾಡುತ್ತಿರುವ ಹಾಗೆ ನನಗೆ ಕಾಣುವುದಿಲ್ಲ. ಮುಂದಿನದನ್ನು ಅವರು ಆಮೇಲೆ ಕೇಳಿದರೂ ಆದೀತು.

ಆ ಡಾಕ್ಟರನ್ನು ಬೈಯಬೇಡಿ. ನಾನೂ ಅದನ್ನೇ ಹೇಳಿದವಳು. ನಮ್ಮ ಕಾಲದ ವೈವಾದಲ್ಲಿ ಅನುಮಸ್ತಿಷ್ಕದ ಕೆಲಸವೇನು ಎಂದು ಕೇಳಿದರೆ ಭಂಗಿ, ಸ್ನಾಯುಗಳ ಬಿಗಿ, ಸಮತೋಲ, ಚಲನೆಯ ಹೊಂದಾಣಿಕೆ ಎಂದು ಒಂದೇ ಉಸಿರಿಗೆ ಹೇಳಿ ಎದ್ದು ಬರಬೇಕಿತ್ತು. ಐದನೆಯದೊಂದನ್ನು ಸೇರಿಸಿದ್ದರೆ ಪರೀಕ್ಷಕರು ಕನ್ನಡಕ ಕೆಳಗಿಳಿಸಿ ನೋಡುತ್ತಿದ್ದರು. ಆ ಪಾಠಕ್ಕೆ ಆಧಾರವೂ ಗಟ್ಟಿಯಾಗಿತ್ತು. 1824ರಲ್ಲಿ ಫ್ರಾನ್ಸಿನ ಫ್ಲೂರಾನ್ಸ್ ಪಾರಿವಾಳಗಳ ಅನುಮಸ್ತಿಷ್ಕ ತೆಗೆದು ನೋಡಿದ. ಹಕ್ಕಿಗೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು, ಆದರೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಗಾರ್ಡನ್ ಹೋಮ್ಸ್ ಎಂಬ ವೈದ್ಯರು ಪರೀಕ್ಷಿಸಿ 1917ರಲ್ಲಿ ಬರೆದರು. ನಾವು ಇಂದಿಗೂ ರೋಗಿಯನ್ನು ಮೂಗು ಮುಟ್ಟು, ನನ್ನ ಬೆರಳು ಮುಟ್ಟು ಎಂದು ಪರೀಕ್ಷಿಸುವುದಕ್ಕೆ ಅಂಥ ಬರಹಗಳೇ ಅಡಿಪಾಯ. ಬೆರಳು ನಡುಗದಿದ್ದರೆ, ಕಾಲು ಅಡ್ಡಾದಿಡ್ಡಿ ಹೋಗದಿದ್ದರೆ ಅನುಮಸ್ತಿಷ್ಕ ಸರಿಯಿದೆ ಎಂದು ಬರೆದು ಮುಂದಿನ ರೋಗಿಯನ್ನು ಕರೆಯುತ್ತಿದ್ದೆವು.

ಹಾಗೆ ಕಳಿಸಿಬಿಟ್ಟ ಒಬ್ಬರು ಇಂದಿಗೂ ನನ್ನ ನೆನಪಿನಲ್ಲಿದ್ದಾರೆ. ಬಟ್ಟೆ ಹೊಲಿಯುವವರು, ನಿಮ್ಮ ಅಪ್ಪಯ್ಯನ ಹಾಗೇ ಹಿಂದಿನ ಮೆದುಳಿನ ಸ್ಟ್ರೋಕ್ ಆಗಿ ಚೇತರಿಸಿಕೊಂಡಿದ್ದರು. ವಾರ್ಡಿನ ಮುಂದಿನ ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ಕೂಡಿಸಿ ನಡೆಯಿರಿ ಎಂದೆ, ಚೆಂದವಾಗಿ ನಡೆದರು. ಅವರ ಹೆಂಡತಿ ಮಾತ್ರ ಬಾಗಿಲಲ್ಲೇ ನಿಂತು ಹೇಳಿದರು: ‘ಅಳತೆ ಕೊಡೋಕೆ ಬಂದವ್ರು ಕೈ ಎತ್ತೋ ಹೊತ್ತಿಗೆ ಇವರ ಟೇಪು ಅಲ್ಲಿರ್ತಿತ್ತು ಡಾಕ್ಟ್ರೇ. ಈಗ ಅವ್ರು ಕೈ ಎತ್ಕೊಂಡು ನಿಂತೇ ಇರ್ತಾರೆ, ಇವ್ರು ನೋಡ್ತಾ ಕೂತಿರ್ತಾರೆ.’ ನಾನು ನಕ್ಕು, ಸುಸ್ತು ಇರುತ್ತಮ್ಮ, ಸರಿಹೋಗುತ್ತೆ ಎಂದೆ. ಫೈಲಿನಲ್ಲಿ ‘ದೂರುಗಳಿಲ್ಲ’ ಎಂದು ಬರೆದೆ. ದೂರನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾವ ನರತಜ್ಞರಿಗೂ ಆಗುತ್ತಿರಲಿಲ್ಲ.

ಎದುರಿನವರು ಇನ್ನು ಮುಂದೆ ಏನು ಮಾಡುತ್ತಾರೆ ಎಂಬುದನ್ನು ಅವರು ಮಾಡುವ ಮೊದಲೇ ಊಹಿಸುವ ಕೆಲಸ ಅವರಿಗೆ ತಪ್ಪಿಹೋಗಿತ್ತು. ಈ ಊಹೆಯಲ್ಲಿ ಅನುಮಸ್ತಿಷ್ಕಕ್ಕೆ ದೊಡ್ಡ ಪಾಲಿದೆ ಎಂದು ಈಗ ತಿಳಿಯುತ್ತಿದೆ. ದಿಕ್ಕು ಬದಲಾದದ್ದು 1998ರಲ್ಲಿ. ಬಾಸ್ಟನ್ನಿನ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶರ್ಮನ್ ಅನುಮಸ್ತಿಷ್ಕಕ್ಕಷ್ಟೇ ಪೆಟ್ಟಾಗಿದ್ದ 20 ರೋಗಿಗಳನ್ನು ಕೂರಿಸಿಕೊಂಡು ಕೈಕಾಲಿನ ಜೊತೆ ಯೋಚನೆ, ಮಾತು, ಭಾವನೆಗಳನ್ನೂ ಪರೀಕ್ಷಿಸಿ ವರದಿ ಮಾಡಿದರು. ಯೋಜನೆ ಹಾಕಲು ತಡವರಿಕೆ, ಭಾವನೆ ಒಂದೋ ಮಂಕು ಇಲ್ಲವೇ ಸಮಯಕ್ಕೆ ಒಪ್ಪದಷ್ಟು ಸಲಿಗೆ. ಅದರಲ್ಲೂ ಅನುಮಸ್ತಿಷ್ಕದ ಹಿಂದಿನ ಹಾಲೆಗೆ, ಅಂದರೆ ಹಿಂದಿನ ವಿಭಾಗಕ್ಕೆ, ಪೆಟ್ಟಾದವರಲ್ಲಿ ಇದು ಎದ್ದು ಕಾಣುತ್ತಿತ್ತು. ಮುಂದಿನ ಹಾಲೆ ಕೈಕಾಲಿನದು. ಹಿಂದಿನದರ ಬಹುಪಾಲು, ವಿಶೇಷವಾಗಿ ಅದರ ಎರಡೂ ಪಕ್ಕ, ಮಹಾಮಸ್ತಿಷ್ಕದಲ್ಲಿ (ಮೇಲಿನ ದೊಡ್ಡ ಮೆದುಳು) ಯೋಚನೆ ಮಾಡುವ ಭಾಗಗಳೊಡನೆ ಹೋಗಿ ಬರುವ ತಂತಿ ಹಾಕಿಕೊಂಡಿದೆ. ನಿಮ್ಮ ಅಪ್ಪಯ್ಯ ಸಂಕ ದಾಟುತ್ತಾರೆ, ಆದರೆ ಮಾತಿನ ನಡುವೆ ಎಡವುತ್ತಾರೆ ಎಂದಿರಲ್ಲ, ಒಂದು ಕೆಟ್ಟು ಇನ್ನೊಂದು ಉಳಿಯುವುದು ಹೀಗೆ. ಎಂಆರ್‌ಐ ವರದಿಯಲ್ಲಿ ‘ಪೈಕಾ’ ಎಂಬ ರಕ್ತನಾಳದ ಹೆಸರಿದ್ದರೆ ನನ್ನ ಊಹೆಗೆ ಇನ್ನಷ್ಟು ಬಲ ಬರುತ್ತದೆ. ಹಿಂದಿನ ಹಾಲೆಯ ಕೆಳಭಾಗಕ್ಕೆ ರಕ್ತ ಕೊಡುವುದು ಅದೇ.

ಊಹೆ ಎಂದರೆ ಶಾಸ್ತ್ರ ಹೇಳುವ ಹಾಗಲ್ಲ, ಅರೆಕ್ಷಣದ ಲೆಕ್ಕ. ನಮ್ಮ ಕಡೆ ನೆಂಟರು ಹೊರಡುವುದನ್ನು ಗಮನಿಸಿ. ಮೊದಲು ಕವಳದ ತಟ್ಟೆ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ. ಅಂಗಳದ ಕಡೆ ಒಂದು ನೋಟ, ‘ಮಳೆ ಹಿಡಿಯೋ ಹಾಗಿದೆ’ ಎಂಬ ಮಾತು. ಎರಡೂ ಅಂಗೈ ಮೊಣಕಾಲಿನ ಮೇಲೆ ಬರುತ್ತವೆ. ಆಮೇಲೆ ಎಳೆದು ಹೇಳುವ ಆ ‘ಹಾಗಾದ್ರೆ...’. ಎದ್ದು ನಿಂತ ಮೇಲೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಹೋಗುವ ವಿಷಯವನ್ನು ಯಾರೂ ಎಲ್ಲಿಯೂ ಬಾಯಿಬಿಟ್ಟು ಹೇಳಲಿಲ್ಲ! ಮನೆಯವರಿಗೆ ತಟ್ಟೆ ಸರಿದಾಗಲೇ ಉಳಿದ ನಾಲ್ಕು ಹೆಜ್ಜೆ ಗೊತ್ತಾಗಿರುತ್ತದೆ, ಮಾತಿನ ದಾರವನ್ನು ಸುತ್ತಲು ಶುರುಮಾಡಿರುತ್ತಾರೆ. ನಿಮ್ಮ ಅಪ್ಪಯ್ಯನಿಗೆ ‘ಹಾಗಾದ್ರೆ’ ಎಂಬ ಪದದ ಅರ್ಥ ಈಗಲೂ ಗೊತ್ತು. ಕೇಳಿದರೆ ವಿವರಿಸಿಯಾರು. ತಟ್ಟೆ, ಅಂಗಳ, ಮೊಣಕಾಲು, ‘ಹಾಗಾದ್ರೆ’ ಇವು ನಾಲ್ಕೂ ಒಂದೇ ಸಾಲಿನ ಮಣಿಗಳು ಎಂಬುದು ಆ ಕ್ಷಣದಲ್ಲಿ ಹೊಳೆಯುತ್ತಿಲ್ಲ. ಹೊಳೆಯುವಷ್ಟರಲ್ಲಿ ನೆಂಟರು ಗಾಡಿ ಹತ್ತಿರುತ್ತಾರೆ.

ಇದರ ಒಳಗಿನ ಯಂತ್ರವನ್ನು ಸ್ವಲ್ಪ ಹೇಳುತ್ತೇನೆ. ಅನುಮಸ್ತಿಷ್ಕದಲ್ಲಿ ಪರ್ಕಿಂಜೆ ಕೋಶಗಳಿವೆ. 1837ರಲ್ಲಿ ಇವುಗಳನ್ನು ಬಣ್ಣಿಸಿದ ಚೆಕ್ ವಿಜ್ಞಾನಿಯ ಹೆಸರೇ ಉಳಿದಿದೆ. ಒಂದೊಂದು ಕೋಶವೂ ಬೀಸಣಿಗೆಯಂತೆ ಹರಡಿಕೊಂಡು ಲಕ್ಷಕ್ಕೂ ಮೀರಿದ ಸಣ್ಣ ಎಳೆಗಳಿಂದ ಸುದ್ದಿ ಕೇಳುತ್ತದೆ: ಈಗ ಏನಾಗುತ್ತಿದೆ, ಕೈ ಎಲ್ಲಿದೆ, ಎದುರಿನವರ ಕಣ್ಣು ಎಲ್ಲಿದೆ. ಇವಲ್ಲದೆ ಪ್ರತಿ ಕೋಶಕ್ಕೂ ಬಳ್ಳಿಯ ಹಾಗೆ ಸುತ್ತಿಕೊಳ್ಳುವ ಒಂದೇ ಒಂದು ದಪ್ಪ ಎಳೆ ಇರುತ್ತದೆ. ನೀನು ಎಣಿಸಿದಂತೆ ಆಗಲಿಲ್ಲ ಎಂಬ ತಕರಾರನ್ನು ತರುವುದು ಅದು. ತಕರಾರು ಬಂದಾಗ ಕೋಶ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಇಂಗ್ಲೆಂಡಿನ ಡೇವಿಡ್ ಮಾರ್ 1969ರಲ್ಲಿ, ಅಮೆರಿಕದ ಜೇಮ್ಸ್ ಆಲ್ಬಸ್ 1971ರಲ್ಲಿ ಇಂಥ ಲೆಕ್ಕವನ್ನು ಸೂಚಿಸಿದರು. ಜಪಾನಿನ ಮಸಾವೊ ಇಟೊ ಅದನ್ನು ಪ್ರಯೋಗದಲ್ಲಿ ಹಿಡಿದರು. ಇವೆಲ್ಲ ಕೈಕಾಲಿನ ಚಲನೆಗಾಗಿ ಹುಟ್ಟಿದ ಮಾತು. ಮನುಷ್ಯರ ನಡವಳಿಕೆಯನ್ನು ಊಹಿಸುವಾಗಲೂ ಇದೇ ಲೆಕ್ಕ ನಡೆಯುತ್ತದೆ ಎಂಬುದು ಬಲವಾದ ಅಂದಾಜು, ಆದರೆ ಇನ್ನೂ ಅಂದಾಜೇ. ನನಗಂತೂ ಅದು ಒಪ್ಪಿಗೆ. ಆ ಭಾಗದ ಅಂಗಾಂಶ ಎಲ್ಲ ಕಡೆಯೂ ಒಂದೇ ಅಚ್ಚಿನದು. ಒಂದು ಕಡೆ ಕಾಲಿನ ಹೆಜ್ಜೆ ಎಣಿಸಿ ಪಕ್ಕದಲ್ಲಿ ಬೇರೇನೋ ವಿದ್ಯೆ ಮಾಡುತ್ತಿದೆ ಎಂದು ನಂಬುವುದೇ ಕಷ್ಟ.

ಬ್ರಸೆಲ್ಸ್‌ನ ಫ್ರಾಂಕ್ ವಾನ್ ಓವರ್‌ವಾಲ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಇದರ ಬೆನ್ನು ಹತ್ತಿದೆ. 2014ರಲ್ಲಿ ಅವರು 350ಕ್ಕೂ ಹೆಚ್ಚು ಸ್ಕ್ಯಾನ್ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಜನ ಯೋಚಿಸುವಾಗ ಅನುಮಸ್ತಿಷ್ಕದ ಹಿಂಭಾಗವೂ ಚುರುಕಾಗುವುದು ಕಂಡಿತು. ಆಮೇಲೆ ಅನುಮಸ್ತಿಷ್ಕ ಸವೆಯುತ್ತಿದ್ದ ಕೆಲವು ರೋಗಿಗಳಿಗೆ ಚಿತ್ರದ ಕಾರ್ಡು ಕೊಟ್ಟು ಸರಿಯಾದ ಸಾಲಿನಲ್ಲಿ ಜೋಡಿಸಲು ಹೇಳಿದರು. ಆಟ ಎಂಥದು ಎಂದು ತಿಳಿಯಲು ನಮ್ಮದೇ ಒಂದು ಕಥೆ ಮಾಡಿಕೊಳ್ಳೋಣ. ಅಜ್ಜಿ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕಿಟ್ಟು ದೇವಸ್ಥಾನಕ್ಕೆ ಹೋಗುತ್ತಾಳೆ. ಮೊಮ್ಮಗ ಅದನ್ನು ಇಳಿಸಿ ಮಂಚದಡಿ ಬಚ್ಚಿಡುತ್ತಾನೆ. ಅಜ್ಜಿ ಬಂದು ಏಣಿ ಹತ್ತುತ್ತಾಳೆ. ಏಣಿಯ ಚಿತ್ರ ಕೊನೆಗೆ ಬರಬೇಕೆಂದರೆ, ಡಬ್ಬಿ ಜಾಗ ಬದಲಿಸಿದ್ದು ಅಜ್ಜಿಗೆ ಗೊತ್ತಿಲ್ಲ ಎಂಬುದು ಜೋಡಿಸುವವರ ತಲೆಯಲ್ಲಿರಬೇಕು. ರೋಗಿಗಳು ಸೋತದ್ದು ಇಂಥ, ಒಬ್ಬರು ತಪ್ಪು ತಿಳಿದಿರುವ ಕಥೆಗಳಲ್ಲಿ. ವಸ್ತುಗಳು ಒಂದನ್ನೊಂದು ತಾಗಿ ಉರುಳುವ ಸಾಲು ಅವರಿಗೆ ಬಂತು, ದಿನನಿತ್ಯದ ರೂಢಿಯ ಸಾಲೂ ಬಂತು. ಅಪ್ಪಯ್ಯ ಮಂಡಿಯಲ್ಲಿ ಅಡಿಕೆ ತೂಗಿಸಿ ಚೀಟಿ ತರುವುದರಲ್ಲಿ ಎಡವಟ್ಟು ಮಾಡುತ್ತಿಲ್ಲ ಎಂದಾದರೆ ಆಶ್ಚರ್ಯವಿಲ್ಲ. ಅದು ನಲವತ್ತು ವರ್ಷದ ರೂಢಿ. ಹೆಣ್ಣು ನೋಡಲು ಬಂದವರ ಮಾತು ಪ್ರತಿ ಸಲವೂ ಹೊಸದು.

ಇನ್ನು ಮಾಡಬೇಕಾದ್ದು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ನಗಬೇಡಿ, ಕೇಳಿಸದೆ ಮಾತು ಮುಂದುವರಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಮೇಲಾಗಿ ಅನುಮಸ್ತಿಷ್ಕದ ಕೆಲವು ಸ್ಟ್ರೋಕ್‌ಗಳು ಕಿವಿಯನ್ನೂ ಕೆಡಿಸುತ್ತವೆ. ಸ್ಟ್ರೋಕ್ ನಂತರ ಖಿನ್ನತೆಯೂ ಸಾಮಾನ್ಯ, ಅದನ್ನೂ ಕೇಳಿ ನೋಡಬೇಕು. ಬಹಳ ಮುಖ್ಯವಾದದ್ದು ಒಂದಿದೆ: ಸ್ಟ್ರೋಕ್‌ನಿಂದಾದ ಬದಲಾವಣೆ ಆ ದಿನ ಶುರುವಾಗಿ ಅಲ್ಲೇ ನಿಲ್ಲಬೇಕು ಅಥವಾ ನಿಧಾನ ಕಡಿಮೆಯಾಗಬೇಕು. ತಿಂಗಳು ತಿಂಗಳಿಗೂ ಹೆಚ್ಚುತ್ತಿದ್ದರೆ ಕಾರಣ ಬೇರೆ ಇರಬಹುದು, ಮಹಾಮಸ್ತಿಷ್ಕದ ಮುಂಭಾಗ ಸವೆಯುವ ಕಾಯಿಲೆಯೂ ಹೀಗೇ ಶುರುವಾಗುತ್ತದೆ. ಆಗ ತಡಮಾಡದೆ ನರತಜ್ಞರ ಹತ್ತಿರ ಹೋಗಿ. ಶ್ಮಾಮನ್ ಅವರ ತಂಡ 2018ರಲ್ಲಿ ಇಂಥ ತೊಂದರೆಯನ್ನು ಗುರುತಿಸಲು ಹತ್ತು ಅಂಶಗಳ ಒಂದು ಚಿಕ್ಕ ಪರೀಕ್ಷೆಯನ್ನು ಪ್ರಕಟಿಸಿದೆ. ಮನಶ್ಶಾಸ್ತ್ರಜ್ಞರಿರುವ ನರರೋಗ ವಿಭಾಗದಲ್ಲಿ ಅದರ ಬಗ್ಗೆ ವಿಚಾರಿಸಿ.

ಮನೆಯಲ್ಲಿ ಮಾಡುವುದು ಇನ್ನೂ ಸುಲಭ. ಹೋಗುವ ಮೊದಲು ಸಾಲನ್ನು ಬಾಯಲ್ಲಿ ಹೇಳಿಬಿಡಿ: ‘ಅಪ್ಪಯ್ಯ, ಬೊಜ್ಜದ ಮನೆ. ಕೂರೋದು, ಊಟ, ಮನೆಯವರ ಹತ್ರ ಎರಡು ಮಾತು, ಹೊರಡೋದು. ಕಥೆ ಇಲ್ಲ.’ ಹೇಳಿದ್ದನ್ನು ಅವರ ಮಹಾಮಸ್ತಿಷ್ಕ ಹಿಡಿದಿಟ್ಟುಕೊಳ್ಳುತ್ತದೆ, ಕಳೆದುಹೋದದ್ದು ತಾನಾಗಿ ಹೊಳೆಯುವುದು ಮಾತ್ರ. ಮನೆಗೆ ಬಂದವರು ಹೊರಡುವಾಗ ಯಾರಾದರೂ ಒಬ್ಬರು ಕವಳದ ತಟ್ಟೆಯನ್ನು ಎತ್ತಿ ಒಳಗೆ ಒಯ್ಯಲಿ, ಅದು ಸನ್ನೆ ಎಂದು ಅಪ್ಪಯ್ಯನ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ನಾಲ್ಕು ಜನರ ಎದುರು ತಿದ್ದಬೇಡಿ. ರಾತ್ರಿ ಊಟ ಮುಗಿದ ಮೇಲೆ ‘ಅವರು ಹೀಗಂದಾಗ ಏನಂದುಕೊಂಡಿದ್ರು?’ ಎಂದು ಕೇಳಿ. ಪಾಲು ಪಂಚಾಯ್ತಿಕೆಗೆ ಸದ್ಯ ಕಳಿಸಬೇಡಿ, ಹಾಗೆಂದು ಪೂರ್ತಿ ಮನೆಯಲ್ಲಿ ಕೂರಿಸಲೂಬೇಡಿ.

ಎಲ್ಲರಿಗೂ ಒಂದು ಮಾತು: ಇದ್ದಕ್ಕಿದ್ದಂತೆ ತಲೆ ತಿರುಗಿ, ವಾಂತಿಯಾಗಿ, ಹಿಡಿದುಕೊಳ್ಳದೆ ನಿಲ್ಲಲೂ ಆಗದಿದ್ದರೆ ಅದು ಪಿತ್ತವೇ ಇರಲಿ, ಮೊದಲು ದೊಡ್ಡಾಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ಪಠ್ಯಪುಸ್ತಕದಲ್ಲಿ ಅನುಮಸ್ತಿಷ್ಕ ಎಂದರೆ ದೇಹದ ಸಮತೋಲ ಎಂದಷ್ಟೇ ಇದೆ. ನೀವು ಬೇರೆ ಹೇಳುತ್ತೀರಿ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
— ದ್ವಿತೀಯ ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಪುಸ್ತಕದಲ್ಲಿರುವುದನ್ನೇ ಬರೆಯಪ್ಪ. ಅದು ತಪ್ಪಲ್ಲ, ಅರ್ಧ. ಅಂಕ ಕೊಡುವುದು ಆ ಅರ್ಧಕ್ಕೇ.

ಉಳಿದರ್ಧದ ಆಸೆಯಿದ್ದರೆ ಒಂದು ಲೆಕ್ಕ ಇಟ್ಟುಕೋ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಅದರಲ್ಲಿ 6,900 ಕೋಟಿಯಷ್ಟು ಇರುವುದು ಅನುಮಸ್ತಿಷ್ಕದಲ್ಲಿ. ತೂಕದಲ್ಲಿ ಅದು ಹತ್ತನೇ ಒಂದು ಪಾಲು ಮಾತ್ರ. ಬರೀ ಬೀಳದೆ ನಿಲ್ಲುವುದಕ್ಕೆ ಇಷ್ಟೊಂದು ಸಿಬ್ಬಂದಿ ಬೇಕೇ ಎಂದು ಯಾರಿಗಾದರೂ ಅನುಮಾನ ಬರಬೇಕಿತ್ತು. ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮೆದುಳಿನ ಮ್ಯೂಸಿಯಂ ನೋಡು. ಅನುಮಸ್ತಿಷ್ಕದ ಮೇಲಿನ ನೆರಿಗೆ ಸೀರೆ ನೆರಿಗೆಗಿಂತ ಒತ್ತಾಗಿರುತ್ತದೆ. ಆ ನೆರಿಗೆಯನ್ನೆಲ್ಲ ಬಿಡಿಸಿ ಹರಡಿದರೆ ಅದರ ವಿಸ್ತಾರ ಮಹಾಮಸ್ತಿಷ್ಕದ ಹೊರಪದರದ ಶೇ 80ರ ಹತ್ತಿರ ಬರುತ್ತದೆ ಎಂದು 2020ರಲ್ಲಿ ಅಳೆದು ಹೇಳಿದ್ದಾರೆ.

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗನಿಗೆ ಆಟಿಸಂ ಇದೆ. ‘ಸೆರೆಬೆಲ್ಲಮ್ ವ್ಯಾಯಾಮ’ದಿಂದ ಆರು ತಿಂಗಳಲ್ಲಿ ಎಲ್ಲರೊಂದಿಗೆ ಬೆರೆಯುವಂತೆ ಮಾಡುತ್ತೇವೆ, ಒಂದು ಲಕ್ಷ ಕಟ್ಟಿ ಎನ್ನುತ್ತಿದ್ದಾರೆ. ಚಿನ್ನ ಅಡ ಇಡಬೇಕು. ಇಡಲೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಇಡಬೇಡಿ.

ಅವರು ಹೇಳುತ್ತಿರುವುದರಲ್ಲಿ ಒಂದೆಳೆ ನಿಜವಿದೆ, ಅದಕ್ಕೇ ಇದು ಅಪಾಯ. 2012ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ಇಲಿಗಳ ಪರ್ಕಿಂಜೆ ಕೋಶಗಳಲ್ಲಿ ಮಾತ್ರ ಒಂದು ಜೀನ್ ತೆಗೆದರು. ಇಲಿಗಳು ಬೇರೆ ಇಲಿಗಳ ಗೊಡವೆಗೆ ಹೋಗುವುದು ಕಡಿಮೆಯಾಯಿತು, ಮಾಡಿದ್ದನ್ನೇ ಮಾಡತೊಡಗಿದವು. 2019ರಲ್ಲಿ ನ್ಯೂಯಾರ್ಕಿನ ತಂಡವೊಂದು ಅನುಮಸ್ತಿಷ್ಕದಿಂದ ಮೆದುಳಿನ ಖುಷಿ ಕೊಡುವ ಕೇಂದ್ರಕ್ಕೆ ನೇರ ದಾರಿಯಿರುವುದನ್ನು ತೋರಿಸಿತು. ಆ ದಾರಿಯನ್ನು ಮುಚ್ಚಿದಾಗ ಇಲಿಗೆ ಇನ್ನೊಂದು ಇಲಿಯ ಸಹವಾಸ ಬೇಡವಾಯಿತು. ಚೆಂದದ ಕೆಲಸಗಳು, ಆದರೆ ಇಲಿಗಳವು. ಹಲಗೆಯ ಮೇಲೆ ನಿಂತು ತೂಗಾಡಿದರೆ ಮಗು ಜನರೊಂದಿಗೆ ಬೆರೆಯುತ್ತದೆ ಎಂಬ ತೀರ್ಮಾನ ಇವುಗಳಿಂದ ಬರುವುದಿಲ್ಲ. ಮಗುವಿಗೆ ಹಲಗೆ ಇಷ್ಟವಾದರೆ ಬಡಗಿಯ ಹತ್ತಿರ ಮಾಡಿಸಿ, ಕೆಲವು ನೂರರಲ್ಲಿ ಆಗುತ್ತದೆ. ಮಾತಿನ ತರಬೇತಿಯನ್ನು ಮಾತ್ರ ತಪ್ಪಿಸಬೇಡಿ, ಮನೆಯಲ್ಲಿ ದಿನಾ ಅವನ ಜೊತೆ ನೆಲದ ಮೇಲೆ ಕೂತು ಆಡುವುದನ್ನೂ ಬಿಡಬೇಡಿ. ಆರು ತಿಂಗಳು ಎಂದು ಗಡುವು ಕೊಡುವವರು ಯಾರೇ ಇರಲಿ, ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಕುಡಿದವನು ತೂರಾಡುವುದು ಅನುಮಸ್ತಿಷ್ಕದಿಂದ ಎಂದು ಬರೆದಿದ್ದಿರಿ. ನಮ್ಮ ಭಾವ ಕುಡಿದಾಗ ಎಲ್ಲರ ಗುಟ್ಟು ರಟ್ಟುಮಾಡುತ್ತಾರಲ್ಲ, ಅದೂ ಅಲ್ಲಿಂದಲೇ?
— ಒಬ್ಬ ಓದುಗ, ಹಾಸನ

ಉತ್ತರ: ಪಾಪ, ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ. ಗುಟ್ಟು ರಟ್ಟಾಗುವುದರಲ್ಲಿ ದೊಡ್ಡ ಪಾಲು ಹಣೆಯ ಹಿಂದಿನ ಮೆದುಳಿನದು, ಅಲ್ಲಿನ ಕಾವಲುಗಾರ ಮಲಗಿಬಿಡುತ್ತಾನೆ. ವರ್ಷಗಟ್ಟಲೆ ಕುಡಿದವರಲ್ಲಿ ಅನುಮಸ್ತಿಷ್ಕದ ನಡುಪಟ್ಟಿ ಸವೆದು, ಕುಡಿಯದ ದಿನವೂ ಕಾಲು ಅಗಲಿಸಿ ನಡೆಯುವಂತಾಗುತ್ತದೆ. ಭಾವನ ಗುಟ್ಟುಗಳಿಗಿಂತ ಅವರ ನಡಿಗೆಯ ಮೇಲೆ ಕಣ್ಣಿಡಿ.

ಪ್ರಶ್ನೆ: ತಮ್ಮ ಕಚಗುಳಿ ಇಟ್ಟರೆ ನನಗೆ ತಡೆಯಲಾರದಷ್ಟು ನಗು ಬರುತ್ತದೆ. ನಾನೇ ಇಟ್ಟುಕೊಂಡರೆ ಬರುವುದಿಲ್ಲ. ಯಾಕೆ?
— 6ನೇ ತರಗತಿ, ಸಾಗರ

ಉತ್ತರ: ಪುಟ್ಟಿ, ಈ ತಿಂಗಳ ಅತಿ ಒಳ್ಳೆಯ ಪ್ರಶ್ನೆ ನಿನ್ನದೇ. ಮೇಲಿನ ಉದ್ದದ ಉತ್ತರವನ್ನು ನಿನ್ನ ಕಾಗದದಿಂದಲೇ ಶುರುಮಾಡಬೇಕಿತ್ತು.

ಲಂಡನ್ನಿನಲ್ಲಿ ಮೂವರು ವಿಜ್ಞಾನಿಗಳು ಇದೇ ಪ್ರಶ್ನೆ ಹಿಡಿದು 1998ರಲ್ಲಿ ಉತ್ತರ ಪ್ರಕಟಿಸಿದರು. ಅಂಗೈಯನ್ನು ಮೆತ್ತನೆಯ ತುಂಡಿನಿಂದ ಸವರುವಾಗ ಮೆದುಳನ್ನು ಸ್ಕ್ಯಾನ್ ಮಾಡಿದರು. ಬೇರೆಯವರು ಸವರಿದಾಗ ಸ್ಪರ್ಶ ತಿಳಿಯುವ ಭಾಗ ಚೆನ್ನಾಗಿ ಎಚ್ಚರವಾಯಿತು. ತಾನೇ ಸವರಿಕೊಂಡಾಗ ಮಂಕಾಯಿತು. ನಿನ್ನ ಬೆರಳು ಈಗ ಎಲ್ಲಿ ತಾಗುತ್ತದೆ ಎಂದು ಅನುಮಸ್ತಿಷ್ಕ ಮೊದಲೇ ಹೇಳಿಬಿಟ್ಟಿರುತ್ತದೆ. ಗೊತ್ತಿರುವ ಸುದ್ದಿಗೆ ಯಾರು ನಗುತ್ತಾರೆ? ಆಮೇಲೆ ಅವರು ಇನ್ನೂ ಒಂದು ಕಿತಾಪತಿ ಮಾಡಿದರು. ನಡುವೆ ಒಂದು ಯಂತ್ರದ ಕೈ ಇಟ್ಟು, ನೀನು ಕೈ ಆಡಿಸಿದ ಸ್ವಲ್ಪ ಹೊತ್ತಿನ ಮೇಲೆ ಅದು ಸವರುವ ಹಾಗೆ ಮಾಡಿದರು. ಸ್ವಲ್ಪ ಎಂದರೆ ಒಂದು ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು. ಅಷ್ಟು ತಡವಾದದ್ದೇ ತಡ, ತಮ್ಮದೇ ಕೈ ಆದರೂ ಜನರಿಗೆ ಕಚಗುಳಿ ಹೆಚ್ಚಾಯಿತು!

ಯಂತ್ರದ ಕೈ ನಿಮ್ಮ ಮನೆಯಲ್ಲಿ ಇರಲಿಕ್ಕಿಲ್ಲ, ತಮ್ಮನ ಕೈ ಇದೆಯಲ್ಲ. ಕಣ್ಣು ಮುಚ್ಚಿಕೊಂಡು ಅವನ ಬೆರಳನ್ನು ನಿನ್ನ ಕೈಯಲ್ಲಿ ಹಿಡಿದು ನಿನ್ನ ಅಂಗಾಲಿನ ಮೇಲೆ ನೀನೇ ಆಡಿಸು. ಆಮೇಲೆ ಅವನೇ ಆಡಿಸಲಿ. ಎಷ್ಟು ನಗು ಬಂತು ಎಂದು ಹತ್ತಕ್ಕೆ ಅಂಕ ಕೊಟ್ಟು ನನಗೆ ಬರೆದು ಕಳಿಸು. ತಮ್ಮನಿಗೂ ಒಂದು ಸರದಿ ಕೊಡಬೇಕು, ಇಲ್ಲವಾದರೆ ಅವನು ಬೆರಳು ಕೊಡುವುದಿಲ್ಲ.